ಟ್ರಾಫಿಕ್ ಪ್ರಶ್ನೆ ಮೊದಲು ಕೇಳಿದರೆ ಬದುಕಿಗೆ ಅಂಕ ಕಡಿಮೆಯಾಗುತ್ತದೆಯೇ?

ಓದುಗರ ಪ್ರಶ್ನೆ: ನಾವು ಬೆಂಗಳೂರಿನ ಬನಶಂಕರಿ 3ನೇ ಹಂತದ ಒಂದು ಬಡಾವಣೆಯ ನಿವಾಸಿಗಳ ಸಂಘದವರು. ಹೋದ ವರ್ಷ ನಮ್ಮ ಮನೆಗಳಲ್ಲಿ ಒಂದು ಸಮೀಕ್ಷೆ ಮಾಡಿದೆವು. ಟ್ರಾಫಿಕ್, ಕಸ, ಕಾವೇರಿ ನೀರು, ಮೋರಿ ಎಂದು ಹನ್ನೆರಡು ಪ್ರಶ್ನೆ ಕೇಳಿ, ಕೊನೆಯಲ್ಲಿ ‘ಒಟ್ಟಾರೆ ನಿಮ್ಮ ಜೀವನದ ಬಗ್ಗೆ ನಿಮಗೆ ಎಷ್ಟು ತೃಪ್ತಿ ಇದೆ? 0ಯಿಂದ 10ರೊಳಗೆ ಅಂಕ ಕೊಡಿ’ ಎಂದು ಕೇಳಿದ್ದೆವು. 80 ಮನೆಗಳಿಂದ ಉತ್ತರ ಬಂತು, ಸರಾಸರಿ 5.9. ಈ ವರ್ಷ ಫಾರಂ ಅಚ್ಚು ಹಾಕಿಸುವಾಗ ಆ ಕೊನೆಯ ಪ್ರಶ್ನೆ ಮೊದಲಿಗೆ ಬಂತು. ಮತ್ತೆ 80 ಮನೆ, ಸರಾಸರಿ 7.0. ರಸ್ತೆ ಹಾಗೇ ಇದೆ, ಮೋರಿಯೂ ಹಾಗೇ ಇದೆ. ಹೋದ ವರ್ಷ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ದೆವು, ಈ ಸಲ ಕಾಲೇಜು ಮಕ್ಕಳು ಮನೆಮನೆಗೆ ಹೋಗಿ ಕೇಳಿದರು. ಜನ ಯಾವಾಗ ಸುಳ್ಳು ಹೇಳಿದರು, ಯಾವಾಗ ನಿಜ ಹೇಳಿದರು? ವಾರ್ಡ್ ಕಚೇರಿಯಲ್ಲಿ ಯಾವ ಸಂಖ್ಯೆ ತೋರಿಸಬೇಕು?

ಉತ್ತರ: ಯಾರೂ ಸುಳ್ಳು ಹೇಳಿಲ್ಲ. ಮೊದಲು ಈ ಮಾತನ್ನು ನಿಮ್ಮ ಸಂಘದ ಸಭೆಯಲ್ಲಿ ಹೇಳಿಬಿಡಿ, ಏಕೆಂದರೆ ಇಂಥ ಅಂಕಿ ಕೈಗೆ ಬಂದಾಗ ನೆರೆಹೊರೆಯವರ ಮೇಲೆ ಅನುಮಾನ ಹುಟ್ಟುವುದನ್ನು ನಾನು ಬಹಳ ಸಲ ನೋಡಿದ್ದೇನೆ. ನೀವು ಎರಡು ವರ್ಷ ಒಂದೇ ವಾಕ್ಯ ಓದಿದಿರಿ. ಆದರೆ ಕೇಳಿಸಿಕೊಂಡವರ ಕಿವಿಗೆ ಅದು ಎರಡು ಬೇರೆ ಪ್ರಶ್ನೆಯಾಗಿ ಬಿದ್ದಿತು.

‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂದರೆ ಎಣಿಸಿ ಹೇಳಬಹುದು. ‘ಬದುಕಿಗೆ ಹತ್ತಕ್ಕೆ ಎಷ್ಟು?’ ಎಂಬುದಕ್ಕೆ ಉತ್ತರವನ್ನು ಯಾರೂ ಬರೆದಿಟ್ಟುಕೊಂಡಿರುವುದಿಲ್ಲ. ಕೇಳಿದ ಆ ಗಳಿಗೆಯಲ್ಲೇ ಅದನ್ನು ಕಟ್ಟಿ ಕೊಡಬೇಕು. ಒಲೆಯ ಮೇಲೆ ಕುಕ್ಕರ್ ಇದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಯೋಚಿಸಲು ಸಿಗುವುದು ಐದಾರು ಸೆಕೆಂಡು. ಅಷ್ಟರಲ್ಲಿ ಮನಸ್ಸು ಐವತ್ತು ವರ್ಷದ ಬದುಕನ್ನೆಲ್ಲ ತೂಗುವುದಿಲ್ಲ, ಕೈಗೆ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಹೋದ ವರ್ಷ ಹನ್ನೆರಡು ಪ್ರಶ್ನೆ ಕೇಳಿ ಕತ್ರಿಗುಪ್ಪೆ ಸಿಗ್ನಲ್ಲು, ಕಟ್ಟಿಕೊಂಡ ಮೋರಿ, ಬಾರದ ನೀರು ಎಲ್ಲವನ್ನೂ ಕೈಗೆಟುಕುವಲ್ಲಿ ತಂದಿಟ್ಟವರು ನೀವೇ. ಈ ವರ್ಷ ಆ ಜಾಗ ಖಾಲಿಯಿತ್ತು. ಮಗಳಿಗೆ ಕೆಲಸ ಸಿಕ್ಕಿದ್ದೋ, ಮಂಡಿನೋವು ಕಡಿಮೆಯಾಗಿದ್ದೋ, ಇಎಂಐ ಮುಗಿದದ್ದೋ ನೆನಪಿಗೆ ಬಂದಿರಬಹುದು.

ಈ ವಿಷಯದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಮನಶ್ಶಾಸ್ತ್ರಜ್ಞರಾದ ಫ್ರಿಟ್ಜ್ ಸ್ಟ್ರಾಕ್, ಲಿಯೊನಾರ್ಡ್ ಮಾರ್ಟಿನ್ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ 1988ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕೇಳಿದರು: ಬದುಕು ಎಷ್ಟು ಸುಖವಾಗಿದೆ, ಮತ್ತು ಎಷ್ಟು ಸಲ ಡೇಟಿಂಗ್ ಹೋಗುತ್ತೀರಿ. ಸುಖದ ಪ್ರಶ್ನೆ ಮೊದಲು ಬಂದಾಗ ಎರಡು ಉತ್ತರಗಳ ನಡುವೆ ನಂಟೇ ಇರಲಿಲ್ಲ ಎನ್ನಬಹುದು, ಸಹಸಂಬಂಧ (ಎರಡು ಉತ್ತರಗಳು ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂದು ಹೇಳುವ ಅಂಕಿ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ತಿ ನಂಟು) ಮೈನಸ್ 0.12. ಡೇಟಿಂಗ್ ಪ್ರಶ್ನೆ ಮೊದಲು ಬಂದಾಗ ಅದೇ ಸಹಸಂಬಂಧ 0.66ಕ್ಕೆ ಏರಿತು. ಅಂದರೆ ಒಂದು ಪ್ರಶ್ನೆಯ ಜಾಗ ಬದಲಾದದ್ದಕ್ಕೆ, ಆ ಹುಡುಗರ ಬದುಕಿನ ಸುಖವೆಲ್ಲ ಸಂಗಾತಿ ಸಿಗುವುದರ ಮೇಲೆಯೇ ನಿಂತಿದೆ ಎಂಬಂತೆ ಕಂಡಿತು.

ನಿಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರವಾದ ಉದಾಹರಣೆ ಆಂಗಸ್ ಡೀಟನ್ ಅವರದು. 2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 2008ರ ಜನವರಿಯಿಂದ ಪ್ರತಿದಿನ ಸುಮಾರು ಸಾವಿರ ಅಮೆರಿಕನ್ನರಿಗೆ ಫೋನ್ ಮಾಡಿ, 0ಯಿಂದ 10ರವರೆಗಿನ ಮೆಟ್ಟಿಲುಗಳ ಏಣಿಯಲ್ಲಿ ನಿಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ ಎಂದು ಕೇಳುತ್ತಿತ್ತು. ಈ ಏಣಿಯನ್ನು ಬಳಕೆಗೆ ತಂದವರು ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್, 1960ರ ದಶಕದಲ್ಲಿ. ಗ್ಯಾಲಪ್ ಕೇಳಲು ಶುರುಮಾಡಿದ 2008 ಆರ್ಥಿಕ ಕುಸಿತದ ಕಾಲ, ಅಂಕಿ ಇಳಿಯುವುದೂ ಏರುವುದೂ ಸಹಜವೆಂದು ಎಲ್ಲರೂ ನಂಬುವಂಥ ಕಾಲ. ಡೀಟನ್ ಆ ಏರಿಳಿತವನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದೇ ಬೇರೆ. ಏಣಿಯ ಪ್ರಶ್ನೆಗೆ ಮೊದಲು ರಾಜಕೀಯದ ಪ್ರಶ್ನೆ, ದೇಶ ಹೋಗುತ್ತಿರುವ ದಾರಿಯ ಬಗ್ಗೆ ನಿಮಗೆ ಸಮಾಧಾನವಿದೆಯೇ ಎಂಬಂಥದು, ಕೇಳಿಸಿಕೊಂಡವರು ಸರಾಸರಿ 0.6 ಮೆಟ್ಟಿಲು ಕೆಳಗೆ ನಿಂತಿದ್ದರು. ಒಬ್ಬ ಮನುಷ್ಯ ಕೆಲಸ ಕಳೆದುಕೊಂಡಾಗ ಆಗುವ ಇಳಿಕೆಗಿಂತ ಇದು ಸ್ವಲ್ಪವೇ ಕಡಿಮೆ. ಯಾರ ಕೆಲಸವೂ ಹೋಗಿರಲಿಲ್ಲ, ಫೋನಿನಲ್ಲಿ ಎರಡು ಮಾತು ಹೆಚ್ಚಿಗೆ ಕೇಳಿದ್ದರು, ಅಷ್ಟೆ. ಆಮೇಲೆ ಆ ಪ್ರಶ್ನೆಗಳನ್ನು ಕೈಬಿಟ್ಟಾಗ, ನಡುವೆ ಇನ್ನೊಂದು ಪ್ರಶ್ನೆಯ ಗೋಡೆ ಕಟ್ಟಿದಾಗ, ಅಂಕಿ ಮೇಲೆದ್ದಿತು. ಫಾರಂ ಬದಲಾದದ್ದನ್ನು ಗಮನಿಸದವರು ಅದನ್ನು ದೇಶ ಚೇತರಿಸಿಕೊಂಡ ಸುದ್ದಿ ಎಂದೇ ಓದುತ್ತಿದ್ದರು.

ಈ ಎರಡು ಉದಾಹರಣೆಗಳ ನಡುವೆ ಒಂದು ವ್ಯತ್ಯಾಸವಿದೆ, ಅದು ನಿಮಗೆ ಮುಖ್ಯ. ಡೇಟಿಂಗ್ ಪ್ರಶ್ನೆ ಕೆಲವರಿಗೆ ಸಿಹಿ, ಕೆಲವರಿಗೆ ಕಹಿ. ಅವರ ಅಂಕ ಏರುತ್ತದೆ, ಇವರದು ಇಳಿಯುತ್ತದೆ, ಸರಾಸರಿ ಇದ್ದಲ್ಲೇ ಇರಬಹುದು. ಬದಲಾಗುವುದು ಎರಡು ಉತ್ತರಗಳ ನಂಟು. ರಾಜಕೀಯದ ಪ್ರಶ್ನೆ ಹೆಚ್ಚಿನವರಿಗೆ ಕಹಿ, ಹಾಗಾಗಿ ಸರಾಸರಿಯೇ ಇಳಿಯಿತು. ನಮ್ಮ ಊರಿನ ಟ್ರಾಫಿಕ್ಕೂ ಮೋರಿಯೂ ಈ ಎರಡನೆಯ ಜಾತಿಗೆ ಸೇರಿದವು. ನಿಮ್ಮ 5.9ರಲ್ಲಿ ಹನ್ನೆರಡು ಪ್ರಶ್ನೆಗಳ ಭಾರ ಇದ್ದಿರಬಹುದು ಎಂದು ನಾನು ನಂಬಲು ಇದೇ ಕಾರಣ.

ಆದರೆ ಮೊದಲು ಬಂದ ಪ್ರಶ್ನೆ ಯಾವಾಗಲೂ ಎರಡನೆಯದರ ಮೇಲೆ ಬಣ್ಣ ಚೆಲ್ಲುತ್ತದೆ ಎಂದುಕೊಳ್ಳಬೇಡಿ. ಕೆಲವೊಮ್ಮೆ ತದ್ವಿರುದ್ಧವಾಗುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದೀರಿ ಎನ್ನಿ. ಬಡಿಸುವವರು ಬಂದು ‘ಸಾರು ಹೇಗಿದೆ?’ ಎನ್ನುತ್ತಾರೆ. ‘ಉಪ್ಪು ಒಂಚೂರು ಮುಂದಾಯ್ತು’ ಎನ್ನುತ್ತೀರಿ. ಅವರೇ ಅಲ್ಲೇ ನಿಂತು ‘ಮತ್ತೆ, ಊಟ ಹೇಗಿದೆ?’ ಎಂದರೆ ನೀವು ಸಾರನ್ನು ಬಿಟ್ಟು ಉಳಿದದ್ದಕ್ಕೆ ಉತ್ತರ ಕೊಡುತ್ತೀರಿ: ‘ಹೋಳಿಗೆ ಬಹಳ ಚೆನ್ನಾಗಿದೆ.’ ಸಾರಿನ ವಿಷಯ ಆಗಲೇ ಹೇಳಿ ಆಯಿತಲ್ಲ, ಅದನ್ನೇ ಮತ್ತೆ ಹೇಳುವುದು ಮಾತಿನ ಮರ್ಯಾದೆಯಲ್ಲ. ಅದೇ, ಕೈತೊಳೆದು ಹೊರಗೆ ಬಂದಾಗ ಹುಡುಗಿಯ ಚಿಕ್ಕಪ್ಪ ಸಿಕ್ಕಿ ‘ಊಟ ಹೇಗಿತ್ತು?’ ಎಂದರೆ, ನಾಲಗೆಯ ಮೇಲಿನ ಉಪ್ಪು ಉತ್ತರದೊಳಕ್ಕೆ ಬಂದೇ ಬರುತ್ತದೆ. ಪ್ರಶ್ನೆ ಒಂದೇ, ಊಟವೂ ಒಂದೇ. ಕೇಳಿದವರು ಒಬ್ಬರೋ ಇಬ್ಬರೋ ಎಂಬುದರ ಮೇಲೆ ಸಾರು ಲೆಕ್ಕದ ಒಳಗೋ ಹೊರಗೋ ಎಂಬುದು ತೀರ್ಮಾನವಾಯಿತು.

ಮಾತಿಗೆ ಇಂಥ ಅಲಿಖಿತ ಕಟ್ಟಳೆಗಳಿವೆ ಎಂಬುದನ್ನು ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದ್ದರು. ಸಮೀಕ್ಷೆಯೂ ಒಂದು ಮಾತುಕತೆಯೇ ಎಂದು ಹಿಡಿದು ಶ್ವಾರ್ಟ್ಸ್, ಸ್ಟ್ರಾಕ್ ಮತ್ತು ಮಾಯ್ 1991ರಲ್ಲಿ ಅದನ್ನು ಜರ್ಮನಿಯ ಜನರಲ್ಲಿ ತೋರಿಸಿಕೊಟ್ಟರು. ಬದುಕಿನ ಪ್ರಶ್ನೆ ಮೊದಲು, ದಾಂಪತ್ಯದ ಪ್ರಶ್ನೆ ಆಮೇಲೆ ಬಂದಾಗ ಸಹಸಂಬಂಧ 0.32. ದಾಂಪತ್ಯ ಮೊದಲು ಬಂದಾಗ 0.67. ದಾಂಪತ್ಯವೇ ಮೊದಲು, ಆದರೆ ‘ಈಗ ನಿಮ್ಮ ಬದುಕಿನ ಎರಡು ವಿಷಯ ಕೇಳುತ್ತೇವೆ, ಒಂದು ದಾಂಪತ್ಯ, ಇನ್ನೊಂದು ಒಟ್ಟಾರೆ ಬದುಕು’ ಎಂಬ ಪೀಠಿಕೆ ಹಾಕಿ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಾಗ 0.18ಕ್ಕೆ ಇಳಿಯಿತು. ಆ ಪೀಠಿಕೆ ಕೇಳಿದವರು ‘ದಾಂಪತ್ಯ ಹೇಳಿಯಾಯ್ತು, ಉಳಿದದ್ದು ಕೇಳುತ್ತಿದ್ದಾರೆ’ ಎಂದುಕೊಂಡರು. ಹಾಗಾಗಿ ನಿಮ್ಮ ಹೋದ ವರ್ಷದ ಫಾರಂ ತೆಗೆದು, ಹನ್ನೆರಡನೆಯ ಪ್ರಶ್ನೆಗೂ ಕೊನೆಯದಕ್ಕೂ ನಡುವೆ ಏನು ಬರೆದಿತ್ತು ನೋಡಿ. ಹೊಸ ಶೀರ್ಷಿಕೆ ಇತ್ತೇ, ಹೊಸ ಪುಟವಿತ್ತೇ, ಅಥವಾ ಒಂದರ ಕೆಳಗೊಂದು 12, 13 ಎಂದು ಸಾಲಾಗಿ ಇತ್ತೇ? ನನಗೆ ನಿಮ್ಮ ಸರಾಸರಿಗಿಂತ ಮೊದಲು ಬೇಕಾದದ್ದು ಆ ಪುಟ.

ಇಷ್ಟು ಹೇಳಿ ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಈ ಹೆಸರಾಂತ ಪ್ರಯೋಗಗಳು ತೋರಿಸಿದಷ್ಟು ದೊಡ್ಡ ಪರಿಣಾಮ ಎಲ್ಲೆಡೆ ಸಿಕ್ಕಿಲ್ಲ. ಉಲ್ರಿಖ್ ಶಿಮ್ಮಾಕ್ ಮತ್ತು ಶಿಗೆಹಿರೊ ಒಯಿಷಿ 2005ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ತಾವೂ ಹೊಸದಾಗಿ ಪರೀಕ್ಷಿಸಿ, ಪ್ರಶ್ನೆಗಳ ಕ್ರಮದ ಪ್ರಭಾವ ಸಾಮಾನ್ಯವಾಗಿ ಚಿಕ್ಕದು ಎಂದರು. 2018ರಲ್ಲಿ ಪ್ರಕಟವಾದ, 36 ದೇಶ-ಪ್ರದೇಶಗಳ ಜನ ಪಾಲ್ಗೊಂಡ ‘ಮೆನಿ ಲ್ಯಾಬ್ಸ್ 2’ ಎಂಬ ಮರುಪರೀಕ್ಷೆಯಲ್ಲಿ, ಜರ್ಮನಿಯ ಆ ಫಲಿತಾಂಶ ಮರಳಿ ಕಾಣಿಸಲಿಲ್ಲ. ಬಿಸಿಲಿದ್ದ ದಿನ ಜನ ಬದುಕಿಗೆ ಹೆಚ್ಚು ಅಂಕ ಕೊಡುತ್ತಾರೆ ಎಂಬ 1983ರ ಪ್ರಸಿದ್ಧ ಅಧ್ಯಯನಕ್ಕೂ ಹೀಗೇ ಆಗಿದೆ. ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ನೋಡಿದ 2013ರ ಅಧ್ಯಯನಕ್ಕೆ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ.

ಶಿಮ್ಮಾಕ್ ಮತ್ತು ಒಯಿಷಿ ಕೊಡುವ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಬದುಕಿನ ಬಗ್ಗೆ ಕೇಳಿದರೆ ನಾವು ನೆನೆಯುವ ಸಂಗತಿಗಳು ಬಹುಪಾಲು ಖಾಯಂ ಆದವು: ಮನೆಯವರು, ಆರೋಗ್ಯ, ದುಡ್ಡು, ಕೆಲಸ. ಅವನ್ನು ಯಾರೂ ನೆನಪಿಸಬೇಕಿಲ್ಲ, ಮನಸ್ಸಿನ ಪಡಸಾಲೆಯಲ್ಲೇ ಕೂತಿರುತ್ತವೆ. ಮೊದಲೇ ಕೂತಿರುವವರನ್ನು ಇನ್ನೊಮ್ಮೆ ಒಳಗೆ ಕರೆದರೆ ಏನೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ನೆನಪಿಗೆ ಬಾರದ, ಆದರೆ ನೆನಪಿಸಿದರೆ ಚುಚ್ಚುವ ವಿಷಯವನ್ನು ಕರೆತಂದಾಗಲೇ ಅಂಕ ಅಲ್ಲಾಡುತ್ತದೆ. ಇದನ್ನು ನಿಮ್ಮ ಬಡಾವಣೆಯಲ್ಲೇ ಪರೀಕ್ಷಿಸಬಹುದು. ದಿನಾ ಬೆಳಿಗ್ಗೆ ಹೊರವರ್ತುಲ ರಸ್ತೆ ಹಿಡಿದು ಕೆಲಸಕ್ಕೆ ಹೋಗುವವರಿಗೆ ಟ್ರಾಫಿಕ್ ನೆನಪಿಸುವ ಅಗತ್ಯವೇ ಇಲ್ಲ. ನಿವೃತ್ತರಾಗಿ ಮನೆಯಲ್ಲಿರುವವರಿಗೆ ನಿಮ್ಮ ಹನ್ನೆರಡು ಪ್ರಶ್ನೆಯೇ ಅದನ್ನು ನೆನಪಿಸಿರಬಹುದು. ಎರಡು ಗುಂಪುಗಳ ಅಂಕ ಬೇರೆಬೇರೆ ಮಾಡಿ ನೋಡಿ. ವ್ಯತ್ಯಾಸ ನಿವೃತ್ತರಲ್ಲೇ ಹೆಚ್ಚಿದ್ದರೆ ಕ್ರಮದ ಮೇಲಿನ ಗುಮಾನಿ ಬಲವಾಗುತ್ತದೆ.

ಈಗ ನಿಮ್ಮ 5.9 ಮತ್ತು 7.0. ಇದು ಬರೀ ಅದೃಷ್ಟದ ಏರಿಳಿತವೇ? ಇಂಥ ಅಂಕಗಳು ಸರಾಸರಿಯ ಆಚೀಚೆ 2ರ ಆಸುಪಾಸು ಹರಡಿಕೊಂಡಿರುತ್ತವೆ ಎಂದಿಟ್ಟುಕೊಂಡರೆ, 80ರ ಎರಡು ಗುಂಪುಗಳ ನಡುವೆ ಕಾರಣವೇ ಇಲ್ಲದೆ 0.6ರಷ್ಟು ಅಂತರ ಬರಬಹುದು. ನಿಮ್ಮದು 1.1. ಏನೋ ಒಂದು ಕಾರಣ ಇದೆ. ಆ ಕಾರಣ ಪ್ರಶ್ನೆಯ ಕ್ರಮವೇ ಎಂದು ಹೇಳಲು ಮಾತ್ರ ನಿಮ್ಮ ಕಾಗದ ಬಿಡುವುದಿಲ್ಲ, ಏಕೆಂದರೆ ನೀವು ಒಂದೇ ಏಟಿಗೆ ಮೂರು ಬದಲಾವಣೆ ಮಾಡಿದ್ದೀರಿ. ಕ್ರಮ ಬದಲಾಯಿತು, ವರ್ಷ ಬದಲಾಯಿತು, ಕೇಳುವ ಬಗೆಯೂ ಬದಲಾಯಿತು. ನೀವು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಆ ವಾಟ್ಸಾಪ್ ಲಿಂಕ್ ಮತ್ತು ಕಾಲೇಜು ಮಕ್ಕಳ ವಿಷಯ ನನ್ನ ಕಣ್ಣಿಗೆ ಕ್ರಮದಷ್ಟೇ ದೊಡ್ಡದು.

ಲಿಂಕ್ ಒತ್ತಿ ಉತ್ತರ ಕೊಡುವವರು ಯಾರು? ಹೇಳಿಕೊಳ್ಳಲು ಏನಾದರೂ ಇದ್ದವರು, ಬಹಳ ಸಲ ದೂರು ಇದ್ದವರು. ಮನೆಬಾಗಿಲಿಗೆ ಹೋದರೆ ಲಿಂಕ್ ತೆರೆಯದ ಅಜ್ಜಿಯೂ ಸಿಗುತ್ತಾರೆ. ಜೊತೆಗೆ, ಮುಖ ನೋಡಿ ಹೇಳುವ ಉತ್ತರ ಮೊಬೈಲಿನಲ್ಲಿ ಒತ್ತುವ ಉತ್ತರಕ್ಕಿಂತ ಸಾಮಾನ್ಯವಾಗಿ ಹಸನಾಗಿರುತ್ತದೆ. ಇದು ಹಲವು ದೇಶಗಳಲ್ಲಿ ಕಂಡದ್ದು, ಆದರೆ ಕನ್ನಡದಲ್ಲಿ ಇದಕ್ಕೆ ಇನ್ನೊಂದು ಗಂಟು ಇದೆ ಎಂಬುದು ಸಮೀಕ್ಷೆಗಳ ಜೊತೆ ಬೆಂಗಳೂರಿನ ಬೀದಿ ಸುತ್ತಿದ ನನ್ನ ಅನುಭವ. ಆ ಗಂಟು ‘ತೃಪ್ತಿ’ ಎಂಬ ಪದ. ನಮ್ಮಲ್ಲಿ ತೃಪ್ತಿ ಒಂದು ಗುಣ. ‘ಇದ್ದುದರಲ್ಲೇ ತೃಪ್ತಿ ಪಡಬೇಕು’ ಎಂದು ಕೇಳಿ ಬೆಳೆದವರು ನಾವು. ಹಾಗಿರುವಾಗ ಎದುರಿಗೆ ಪೆನ್ನು ಹಿಡಿದು ನಿಂತ ಹುಡುಗನಿಗೆ ‘ನನಗೆ ತೃಪ್ತಿ ಇಲ್ಲ’ ಎಂದು ಹೇಳುವುದು, ನಾನು ಆಸೆಬುರುಕ ಎಂದು ಒಪ್ಪಿಕೊಂಡಂತೆ. ಚಾಮರಾಜಪೇಟೆಯಲ್ಲಿ ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಎಂಟು ಎಂದು ಹೇಳಿ, ನಾನು ಬರೆದುಕೊಳ್ಳುವಷ್ಟರಲ್ಲಿ ‘ಒಂಬತ್ತು ಅನ್ನಬಹುದು, ಆದ್ರೆ ದೃಷ್ಟಿ ಆಗತ್ತೆ, ಎಂಟೇ ಇರಲಿ’ ಎಂದರು. ಅವರ ಸೊಸೆ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿ ಬೇರೆ ಯಾವ ಅಂಕ ಬರಲು ಸಾಧ್ಯವಿತ್ತು? ಆ ದಿನದಿಂದ ನಾನು ಈ ಪ್ರಶ್ನೆಯ ಫಾರಂ ಅನ್ನು ಅವರ ಕೈಗೇ ಕೊಟ್ಟು, ಗುರುತು ಹಾಕಿ ಮಡಚಿ ಕೊಡಿ ಎನ್ನುತ್ತೇನೆ. ಓದಲು ಬಾರದವರಿಗೆ ಮೆಟ್ಟಿಲಿನ ಚಿತ್ರ ಕೊಡುತ್ತೇನೆ. ಏಣಿಯ ಚಿತ್ರದಲ್ಲಿ ತೃಪ್ತಿಯ ಮಾತೇ ಬರಬೇಕಿಲ್ಲ. ‘ತುದಿಯ ಮೆಟ್ಟಿಲು ನಿಮಗೆ ಸಿಗಬಹುದಾದ ಅತ್ಯಂತ ಒಳ್ಳೆಯ ಬದುಕು, ಬುಡದ್ದು ಅತ್ಯಂತ ಕೆಟ್ಟದ್ದು, ನೀವು ಈಗ ಎಲ್ಲಿ ನಿಂತಿದ್ದೀರಿ’ ಎಂದರೆ ಸಾಕು. ‘ನೆಮ್ಮದಿ’ ಎಂಬ ಪದ ಬಳಸೋಣವೇ ಎಂದು ಕೆಲವರು ಕೇಳುತ್ತಾರೆ. ಅದು ಸೊಗಸಾದ ಪದ, ಆದರೆ ಅದು ಮನಸ್ಸಿನ ಶಾಂತಿಯನ್ನು ಕೇಳುತ್ತದೆ, ಬದುಕಿನ ತೂಕವನ್ನಲ್ಲ. ಎರಡನ್ನೂ ಕಲಸಬೇಡಿ.

ವಾರ್ಡ್ ಕಚೇರಿಯ ಮಾತಿಗೆ ಬರೋಣ. 5.9 ತೋರಿಸಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ, ಮೋರಿ ಸರಿಹೋಗಲಿ ಎಂಬುದು ನ್ಯಾಯವಾದ ಬೇಡಿಕೆ. ಆದರೂ ಬದುಕಿನ ಅಂಕವನ್ನು, ಎರಡರಲ್ಲಿ ಯಾವುದನ್ನೂ, ಅಲ್ಲಿಗೆ ಒಯ್ಯಬೇಡಿ. ಮೋರಿಗೆ ಬೇಕಾದದ್ದು ಮೋರಿಯ ಲೆಕ್ಕ: ಕಳೆದ ಮಳೆಗಾಲದಲ್ಲಿ ಎಷ್ಟು ಮನೆಯೊಳಗೆ ನೀರು ನುಗ್ಗಿತು, ಎಷ್ಟು ಸಲ ದೂರು ಕೊಟ್ಟಿರಿ, ಎಷ್ಟು ದಿನಕ್ಕೆ ಬಂದರು. ಇಂಥ ಪ್ರಶ್ನೆಗಳಿಗೆ ಕ್ರಮದ ಕಾಟ ತೀರ ಕಡಿಮೆ, ಎಣಿಸಿ ಹೇಳುವ ಉತ್ತರಗಳು ಅವು. ಈ ದಾರಿ ನಮ್ಮ ಊರಿನವರಿಗೆ ಹೊಸದೂ ಅಲ್ಲ. ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳುತನದಲ್ಲಿ 1994ರಲ್ಲಿ ಹೊರಬಂದ ನಾಗರಿಕರ ವರದಿ ಕಾರ್ಡು ನೀರು, ವಿದ್ಯುತ್ತು, ಫೋನು ಎಂದು ಒಂದೊಂದು ಸಂಸ್ಥೆಯ ಸೇವೆಯನ್ನು ಬಳಸಿದವರನ್ನೇ ಕೇಳಿ ಅಂಕ ಹಾಕಿತ್ತು. 1999 ಮತ್ತು 2003ರಲ್ಲಿ ಮತ್ತೆ ಕೇಳಿ ಹೋಲಿಸಿದರು. ಜಗತ್ತಿನ ಎಷ್ಟೋ ನಗರಗಳು ಆ ಮಾದರಿಯನ್ನು ಬೆಂಗಳೂರಿನಿಂದ ಕಲಿತವು. ಸೇವೆಯ ಅಂಕ ಬೇರೆ, ಬದುಕಿನ ಅಂಕ ಬೇರೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರು ಮೊದಲ ಸ್ಥಾನಕ್ಕೆ ಬಂದಾಗ ಬಹಳ ಜನ ‘ನಾವು ಅಷ್ಟು ಸುಖವಾಗಿದ್ದೇವಾ?’ ಎಂದು ಕೇಳಿದರು. ಅದರಲ್ಲಿ ಜನಾಭಿಪ್ರಾಯದ ಪಾಲು 30 ಪ್ರತಿಶತ ಮಾತ್ರ. ಉಳಿದದ್ದು ಬೇರೆ ಸೂಚಕಗಳ ಲೆಕ್ಕ.

ಬದುಕಿನ ಪ್ರಶ್ನೆಯನ್ನು ಹಾಗಾದರೆ ಕೈಬಿಡಬೇಕೇ? ಬೇಡ. ಬಡಾವಣೆಯಲ್ಲಿ ಯಾರು ಕುಗ್ಗಿದ್ದಾರೆ, ಒಂಟಿಯಾಗಿರುವ ಹಿರಿಯರ ಅಂಕ ಎಷ್ಟಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಒಂದು ಸಾಲಿನ ಪ್ರಶ್ನೆ ನನಗೆ ಗೊತ್ತಿಲ್ಲ. ಅದನ್ನು ಮೊದಲಿಗೇ ಇಡಿ. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರದ ಸಂಘಟನೆಯಾದ ಒಇಸಿಡಿ 2013ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಒಟ್ಟಾರೆ ಬದುಕಿನ ಪ್ರಶ್ನೆ ಆರಂಭದ ಹತ್ತಿರ ಬರಲಿ, ಬಿಡಿ ವಿಷಯಗಳು ಆಮೇಲೆ. ಮೊದಲಿಗೆ ಇಟ್ಟ ಮಾತ್ರಕ್ಕೆ ಬರುವ ಅಂಕ ಹೆಚ್ಚು ಸತ್ಯ ಎಂದಲ್ಲ. ಖಾಲಿ ಮನಸ್ಸು ಎಂಬುದು ಯಾರಿಗೂ ಇಲ್ಲ, ಬಾಗಿಲು ತೆರೆಯುವ ಮುಂಚೆ ಅವರು ಏನು ಯೋಚಿಸುತ್ತಿದ್ದರೋ ಅದು ಇದ್ದೇ ಇರುತ್ತದೆ. ಆದರೆ ಆ ಯೋಚನೆ ಮನೆಯಿಂದ ಮನೆಗೆ ಬೇರೆ. ನಿಮ್ಮ ಹನ್ನೆರಡು ಪ್ರಶ್ನೆಗಳು ಎಲ್ಲ ಮನೆಯನ್ನೂ ಒಂದೇ ಕಡೆಗೆ ತಳ್ಳುತ್ತವೆ. ಮುಂದಿನ ವರ್ಷ ಆ ಹನ್ನೆರಡಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದರೂ ಮೊದಲ ಪ್ರಶ್ನೆಗೆ ಮುಂಚೆ ಏನೂ ಬದಲಾಗಿರುವುದಿಲ್ಲ, ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ಅದೇ ದೊಡ್ಡ ಲಾಭ.

ಕ್ರಮದ ಪ್ರಭಾವ ನಿಮ್ಮಲ್ಲಿ ನಿಜವಾಗಿ ಎಷ್ಟು ಎಂದು ತಿಳಿಯುವ ಕುತೂಹಲವಿದ್ದರೆ, ದಯವಿಟ್ಟು ಒಂದು ಸಲ ಸರಿಯಾಗಿ ಮಾಡಿ ನೋಡಿ. ಎರಡು ಬಗೆಯ ಫಾರಂ ತಲಾ 80 ಅಚ್ಚು ಹಾಕಿಸಿ, ಒಂದರಲ್ಲಿ ಬದುಕು ಮೊದಲು, ಇನ್ನೊಂದರಲ್ಲಿ ಕೊನೆಗೆ. 160ನ್ನೂ ಇಸ್ಪೀಟೆಲೆಯಂತೆ ಚೆನ್ನಾಗಿ ಕಲಸಿ ಒಂದೇ ಕಟ್ಟು ಮಾಡಿ. ಹುಡುಗರು ಮನೆಗೊಂದರಂತೆ ಮೇಲಿನದನ್ನೇ ತೆಗೆದು ಕೊಡಲಿ, ಆರಿಸಬಾರದು. ಒಂದನೇ ಕ್ರಾಸಿಗೆ ಒಂದು ಬಗೆ, ಎರಡನೇ ಕ್ರಾಸಿಗೆ ಇನ್ನೊಂದು ಎಂದು ಹಂಚುವ ತಪ್ಪು ಮಾತ್ರ ಮಾಡಬೇಡಿ. ಮೇನ್ ರೋಡಿಗೆ ಅಂಟಿದ ಮನೆಯ ಹಾರ್ನ್ ಸದ್ದೇ ಬೇರೆ, ಒಳಗಿನ ಕ್ರಾಸಿನ ಹೊಂಗೆ ನೆರಳೇ ಬೇರೆ. ಆಗ ಕ್ರಮವನ್ನು ಅಳೆಯುತ್ತಿದ್ದೇವೆ ಎಂದುಕೊಂಡು ರಸ್ತೆಯನ್ನು ಅಳೆದಿರುತ್ತೀರಿ. ಒಂದೇ ವಾರ, ಅದೇ ಹುಡುಗರು, ಅದೇ ಸಂಜೆಯ ಹೊತ್ತು. ಹೀಗೆ ಮಾಡಿದಾಗ ಎರಡು ಸರಾಸರಿಗಳ ನಡುವೆ ಉಳಿಯುವ ಅಂತರದಲ್ಲಿ ಅದೃಷ್ಟದ ಪಾಲು ಬಿಟ್ಟರೆ ಮಿಕ್ಕದ್ದು ಕ್ರಮದ್ದು ಎಂದು ಧೈರ್ಯವಾಗಿ ಹೇಳಬಹುದು. ಅದು 1.1ಕ್ಕಿಂತ ಬಹಳ ಕಡಿಮೆ ಇರುತ್ತದೆ, ಮಿಕ್ಕದ್ದು ಲಿಂಕಿನಿಂದ ಬಾಗಿಲಿಗೆ ಬಂದದ್ದರ ಫಲ ಎಂಬುದು ನನ್ನ ಊಹೆ.

ಹಳೆಯ ಎರಡು ಕಟ್ಟುಗಳನ್ನು ಎಸೆಯಬೇಡಿ, ಸೇರಿಸಿ ಒಂದು ಸರಾಸರಿಯನ್ನೂ ತೆಗೆಯಬೇಡಿ. ಹೋದ ವರ್ಷದ ಉತ್ತರಗಳನ್ನು ಮುದ್ರಿಸಿಕೊಂಡು ಬೇರೆ ಕಟ್ಟಿಡಿ. ಒಂದೊಂದರ ಮೇಲೂ ದಿನಾಂಕ, ಕೇಳಿದವರು ಯಾರು, ಬದುಕಿನ ಪ್ರಶ್ನೆ ಎಷ್ಟನೆಯದು, ಅದಕ್ಕೆ ಮುಂಚಿನ ಸಾಲಿನಲ್ಲಿ ಏನಿತ್ತು ಎಂದು ಬರೆದು, ಖಾಲಿ ಫಾರಂನ ಒಂದು ಪ್ರತಿ ಲಗತ್ತಿಸಿ. ಮೂರು ವರ್ಷ ಬಿಟ್ಟು ಬರುವ ಕಾರ್ಯದರ್ಶಿಗೆ ಆ ಖಾಲಿ ಫಾರಂ ಬೇಕಾಗುತ್ತದೆ.